ಎರಡು ತಪಾಸಣೆಗಳ ನಡುವೆ ಪೈಲಟ್‌ನ ಆರೋಗ್ಯ

ಶ್ರೋತೃಗಳಿಗೆ ನಮಸ್ಕಾರ.

ಅಮೆರಿಕದಲ್ಲಿ ಸ್ವಂತಕ್ಕೆ ವಿಮಾನ ಹಾರಿಸುವ, ನಲವತ್ತು ತುಂಬದ ಪೈಲಟ್‌ಗೆ ಮೂರನೇ ದರ್ಜೆಯ ಮೆಡಿಕಲ್ ಸರ್ಟಿಫಿಕೇಟ್ ಒಮ್ಮೆ ಸಿಕ್ಕರೆ 60 ತಿಂಗಳು ನಡೆಯುತ್ತದೆ. ನಲವತ್ತಾದವರಿಗೆ 24 ತಿಂಗಳು. ಏರ್‌ಲೈನ್ ಕ್ಯಾಪ್ಟನ್‌ಗಳಿಗೆ ಬೇಕಾದ ಮೊದಲ ದರ್ಜೆಯದು 12 ತಿಂಗಳು, ನಲವತ್ತರ ನಂತರ ಆರೇ ತಿಂಗಳು. ಐದು ವರ್ಷದಲ್ಲಿ ಬಿಪಿ ಏರಬಹುದು, ಕಿಡ್ನಿಯಲ್ಲಿ ಕಲ್ಲು ಕಾಣಿಸಿಕೊಳ್ಳಬಹುದು, ನಿದ್ದೆ ಕೆಡಬಹುದು. ಹೀಗಾದಾಗ ಅಲ್ಲಿನ ವಿಮಾನಯಾನ ಆಡಳಿತಕ್ಕೆ, ಅಂದರೆ ಎಫ್‌ಎಎಗೆ, ಕೂಡಲೇ ತಿಳಿಸಬೇಕೇ?

ಸಾಮಾನ್ಯವಾಗಿ ತಿಳಿಸಬೇಕಿಲ್ಲ. ಆದರೆ ಹಾರುವಂತಿಲ್ಲ. ಇವೆರಡೂ ಬೇರೆ ಬೇರೆ ಮಾತು, ಪೈಲಟ್‌ಗಳು ಎಡವುವುದೂ ಇಲ್ಲೇ. ನಿಯಮ 61.53 ಹೇಳುವುದು ಇಷ್ಟು: ಸರ್ಟಿಫಿಕೇಟ್‌ಗೆ ಬೇಕಾದ ಆರೋಗ್ಯ ತನಗೀಗ ಇಲ್ಲವೆಂದು ಗೊತ್ತಿದ್ದರೆ, ಅಥವಾ ಗೊತ್ತಾಗಬೇಕಾದ ಕಾರಣವಿದ್ದರೆ, ಪೈಲಟ್ ವಿಮಾನ ನಡೆಸಬಾರದು. ಔಷಧಿಗೂ ಇದೇ ಮಾತು. ಜೇಬಿನಲ್ಲಿರುವ ಸರ್ಟಿಫಿಕೇಟ್‌ನ ಅವಧಿ ಇನ್ನೂ ಮೂರು ವರ್ಷ ಉಳಿದಿದೆ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ನಿರ್ಧಾರ ಪೈಲಟ್‌ನದೇ, ಪ್ರತಿ ಹಾರಾಟಕ್ಕೂ ಹೊಸದಾಗಿ.

ಕೂಡಲೇ ತಿಳಿಸಬೇಕಿಲ್ಲ ಎಂಬ ಮಾತಿಗೆ ಎರಡು ಮುಖ್ಯ ಅಪವಾದಗಳಿವೆ. ಹೃದಯಾಘಾತದಂಥ ಕಾಯಿಲೆಯ ನಂತರ ವಿಶೇಷ ಅನುಮತಿಯ ಮೇಲೆ ಹಾರುವವರಿಗೆ ಒಂದು ಪತ್ರ ಬಂದಿರುತ್ತದೆ. ಸ್ಥಿತಿ ಹದಗೆಟ್ಟರೆ, ಔಷಧಿ ಬದಲಾದರೆ ಏನು ಮಾಡಬೇಕು, ಯಾರಿಗೆ ತಿಳಿಸಬೇಕು ಎಂಬುದೆಲ್ಲ ಆ ಪತ್ರದಲ್ಲೇ ಇರುತ್ತದೆ. ಫೈಲಿಗೆ ಸೇರಿಸುವ ಮೊದಲು ಕೊನೆಯ ಸಾಲಿನವರೆಗೂ ಓದಬೇಕು. ಎರಡನೆಯದು ಕಾಯಿಲೆಯೇ ಅಲ್ಲ: ಕುಡಿದು ವಾಹನ ಓಡಿಸಿ ಶಿಕ್ಷೆಯಾದರೆ ಅಥವಾ ಚಾಲನಾ ಪರವಾನಗಿ ಅಮಾನತಾದರೆ 60 ದಿನದೊಳಗೆ ಎಫ್‌ಎಎಯ ಭದ್ರತಾ ವಿಭಾಗಕ್ಕೆ ಲಿಖಿತವಾಗಿ ತಿಳಿಸಬೇಕು. ಮುಂದಿನ ತಪಾಸಣೆಯ ಫಾರ್ಮ್‌ನಲ್ಲಿ ಬರೆದರಾಯಿತು ಎಂದು ಸುಮ್ಮನಿದ್ದು ಸಿಕ್ಕಿಬೀಳುವವರಿದ್ದಾರೆ. ಫಾರ್ಮ್ ಬೇರೆ, ಈ ಪತ್ರ ಬೇರೆ, ಎರಡೂ ಬೇಕು.

ಇನ್ನು ಔಷಧಿ. ಹೆಚ್ಚಿನ ಎಡವಟ್ಟು ಆಗುವುದು ದೊಡ್ಡ ಕಾಯಿಲೆಯ ಮಾತ್ರೆಯಿಂದಲ್ಲ, ಚೀಟಿಯಿಲ್ಲದೆ ಸಿಗುವ ನೆಗಡಿ ಮಾತ್ರೆಯಿಂದ. ಡೈಫೆನ್‌ಹೈಡ್ರಮೈನ್ ಎಂಬ ಅಲರ್ಜಿ ಔಷಧಿಯನ್ನೇ ನೋಡಿ. ರಾತ್ರಿ ಹೊತ್ತಿನ ನೆಗಡಿ ಮಾತ್ರೆ, ನಿದ್ದೆ ಮಾತ್ರೆಗಳಲ್ಲಿ ಬೇರೆ ಬೇರೆ ಬ್ರ್ಯಾಂಡ್ ಹೆಸರಿನಲ್ಲಿ ಇದೇ ಅಡಗಿರುತ್ತದೆ. ಎಫ್‌ಎಎ ಹೇಳುವಂತೆ ಇದನ್ನು ನುಂಗಿದ ಮೇಲೆ 60 ಗಂಟೆ ಕಾಯಬೇಕು. ಶುಕ್ರವಾರ ರಾತ್ರಿ ಹತ್ತಕ್ಕೆ ಒಂದು ಮಾತ್ರೆ ತೆಗೆದುಕೊಂಡವರು ಮತ್ತೆ ಹಾರಬಹುದಾದದ್ದು ಸೋಮವಾರ ಬೆಳಗ್ಗೆ ಹತ್ತಕ್ಕೆ. ವಾರಾಂತ್ಯದ ಹಾರಾಟ ಪೂರ್ತಿ ಹೋಯಿತು. ಬೆಳಗ್ಗೆ ಎದ್ದಾಗ ಮಂಪರು ಇಲ್ಲವಲ್ಲ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ತಾನು ಮಂಕಾಗಿದ್ದೇನೆಂದು ಮಂಕಾದವನಿಗೇ ತಿಳಿಯುವುದಿಲ್ಲ. ಹಾಗಾಗಿ ಡಬ್ಬಿಯ ಮುಂಭಾಗ ಬಿಟ್ಟು ಹಿಂಭಾಗ ಓದಿ, ಔಷಧಿಯ ಮೂಲ ಹೆಸರು ಹುಡುಕಿ. ಅಲರ್ಜಿಗೇ ಕೊಡುವ ಫೆಕ್ಸೊಫೆನಡೀನ್, ಲೊರಾಟಡೀನ್‌ಗೆ ಅವಕಾಶವಿದೆ, ಮೊದಲ ಬಾರಿ ನೆಲದ ಮೇಲೆ ಪರೀಕ್ಷಿಸಿ ಅಡ್ಡಪರಿಣಾಮ ಇಲ್ಲವೆಂದು ಖಚಿತವಾದರೆ. ಅದೇ ಗುಂಪಿನ ಸೆಟಿರಿಜೀನ್‌ಗೆ ಇಲ್ಲ.

ನಿರ್ದಿಷ್ಟ ಸೂಚನೆಯಿಲ್ಲದ ಮಂಪರು ಔಷಧಿಗೆ ಒಂದು ಲೆಕ್ಕವಿದೆ: ಎರಡು ಡೋಸ್ ನಡುವಿನ ಅಂತರದ ಐದು ಪಟ್ಟು ಕಾಯುವುದು. ನಾಲ್ಕರಿಂದ ಆರು ಗಂಟೆಗೊಮ್ಮೆ ಎಂದು ಬರೆದಿದ್ದರೆ ದೊಡ್ಡ ಸಂಖ್ಯೆ ಹಿಡಿಯಬೇಕು, ಆರೈದಲೆ 30 ಗಂಟೆ.

ಮಾತ್ರೆಗೆ ಅವಕಾಶವಿದೆಯೇ ಎಂದು ಕೇಳುವ ಮೊದಲು, ಅದನ್ನು ಯಾಕೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಕೇಳಿಕೊಳ್ಳಬೇಕು. ಮಾತ್ರೆ ನಿರಪಾಯವೇ ಇರಬಹುದು, ಆದರೆ ಮೂಗು ಕಟ್ಟಿದ್ದರೆ ಇಳಿಯುವಾಗ ಕಿವಿಯೊಳಗಿನ ಒತ್ತಡ ಸರಿಹೋಗದೆ, ರನ್‌ವೇ ಹತ್ತಿರವಾಗುವ ಹೊತ್ತಿಗೆ ತಡೆಯಲಾಗದ ನೋವು ಬರಬಹುದು. ಖಿನ್ನತೆಯ ಮಾತ್ರೆಗೂ ಇದೇ ತರ್ಕ. 2010ರ ಏಪ್ರಿಲ್‌ವರೆಗೆ ಅವನ್ನು ಸೇವಿಸುವ ಪೈಲಟ್‌ಗೆ ಸರ್ಟಿಫಿಕೇಟ್ ಇರಲಿಲ್ಲ. ಆಮೇಲೆ ಫ್ಲುಯೊಕ್ಸೆಟೀನ್, ಸರ್ಟ್ರಲೀನ್, ಸಿಟಾಲೊಪ್ರಾಮ್, ಎಸ್ಸಿಟಾಲೊಪ್ರಾಮ್ ಎಂಬ ನಾಲ್ಕಕ್ಕೆ ವಿಶೇಷ ಅನುಮತಿಯ ದಾರಿ ತೆರೆಯಿತು, ಪಟ್ಟಿ ನಂತರ ಬೆಳೆದಿದೆ. ಸರ್ಟಿಫಿಕೇಟ್ ಉಳಿಸಿಕೊಳ್ಳಲು ಗುಟ್ಟಾಗಿ ಮಾತ್ರೆ ಬಿಟ್ಟರೆ ಕಾಯಿಲೆ ಚಿಕಿತ್ಸೆಯಿಲ್ಲದೆ ಉಳಿಯುತ್ತದೆ, ಅಷ್ಟೇ.

ಬಿಪಿ ಮಾತ್ರೆಯ ದಾರಿ ಸುಲಭ. ಹೊಸದಾಗಿ ಶುರುವಾದಾಗ ಅಥವಾ ಡೋಸ್ ಬದಲಾದಾಗ ಕನಿಷ್ಠ ಏಳು ದಿನ ನೆಲದ ಮೇಲಿದ್ದು, ತಲೆಸುತ್ತು ಬರುತ್ತದೆಯೇ ನೋಡಬೇಕು. ತಪಾಸಣೆಯ ದಿನದ ಮಿತಿ 155/95. ಚಿಕಿತ್ಸೆ ಕೊಡುವ ವೈದ್ಯರಿಂದ ಔಷಧಿಯ ಹೆಸರು, ಡೋಸ್, ಶುರುವಾದ ತಾರೀಖು, ಸ್ಥಿತಿ ಸ್ಥಿರವಾಗಿದೆ ಎಂಬ ಒಂದು ಮಾತು, ಇಷ್ಟಿರುವ ಪತ್ರವನ್ನು ಆಗಲೇ ಬರೆಸಿಟ್ಟುಕೊಳ್ಳಿ. ಮೂರು ವರ್ಷದ ನಂತರ ಹುಡುಕಿದರೆ ಕ್ಲಿನಿಕ್ಕೇ ಊರು ಬದಲಿಸಿರಬಹುದು.

ಯಾಕೆಂದರೆ ಎಲ್ಲವೂ ಹೊರಬರುವುದು ಮುಂದಿನ ತಪಾಸಣೆಗೆ ತುಂಬುವ 8500-8 ಫಾರ್ಮ್‌ನಲ್ಲಿ. 17ನೇ ಕಲಮು ಈಗಿನ ಔಷಧಿಗಳನ್ನು ಕೇಳುತ್ತದೆ, ಚೀಟಿಯಿಲ್ಲದವನ್ನೂ ಸೇರಿಸಿ. 18ನೆಯದು ಜೀವಮಾನದ ಕಾಯಿಲೆಗಳನ್ನು. 19ನೆಯದು ಕಳೆದ ಮೂರು ವರ್ಷದಲ್ಲಿ ಕಂಡ ವೈದ್ಯರನ್ನು. ಮಾಮೂಲಿ ಹಲ್ಲು, ಕಣ್ಣಿನ ತಪಾಸಣೆಗೆ ವಿನಾಯಿತಿ. ಮರೆತು ಬಿಟ್ಟದ್ದನ್ನು ತಿದ್ದಬಹುದು. ಬೇಕೆಂದೇ ಮುಚ್ಚಿಟ್ಟರೆ 2,50,000 ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಜೈಲು ಎಂದು ಫಾರ್ಮ್ ಮೇಲೆಯೇ ಅಚ್ಚಾಗಿದೆ. ಮೆಡಿಕಲ್ ಮಾತ್ರವಲ್ಲ, ಪೈಲಟ್ ಸರ್ಟಿಫಿಕೇಟೂ ರದ್ದಾಗಬಹುದು. ಅಂಗವೈಕಲ್ಯ ಭತ್ಯೆ ಪಡೆಯುತ್ತಾ ಫಾರ್ಮ್‌ನಲ್ಲಿ ಪೂರ್ಣ ಆರೋಗ್ಯವಂತನೆಂದು ಬರೆದವರನ್ನು ಸರ್ಕಾರಿ ಕಡತಗಳನ್ನು ತಾಳೆ ನೋಡಿಯೇ ಪತ್ತೆಹಚ್ಚಿದ್ದಾರೆ.

ಕೊನೆಗೊಂದು ವ್ಯಾವಹಾರಿಕ ವಿಷಯ. ಆನ್‌ಲೈನ್‌ನಲ್ಲಿ ಫಾರ್ಮ್ ತುಂಬಿದಾಗ ಒಂದು ದೃಢೀಕರಣ ಸಂಖ್ಯೆ ಬರುತ್ತದೆ. ತಪಾಸಣಾ ವೈದ್ಯರು ಆ ಸಂಖ್ಯೆ ಹಾಕಿ ಅರ್ಜಿ ತೆರೆದು ತಪಾಸಣೆ ಶುರು ಮಾಡಿದರೆ ಹಿಂದಕ್ಕೆ ಪಡೆಯುವಂತಿಲ್ಲ. ಸರ್ಟಿಫಿಕೇಟ್ ಕೊಡಬೇಕು, ಎಫ್‌ಎಎಗೆ ಕಳಿಸಬೇಕು, ಇಲ್ಲವೇ ನಿರಾಕರಿಸಬೇಕು. ಹೊಸ ಕಾಯಿಲೆ ಇದ್ದವರು ಮೊದಲು ಬರೀ ಸಲಹೆಗೆಂದು ಸಮಯ ಕೇಳಿ, ಯಾವ ವರದಿಗಳು ಬೇಕೆಂದು ತಿಳಿದುಕೊಂಡು, ಅವೆಲ್ಲ ಕೈಗೆ ಬಂದ ಮೇಲಷ್ಟೇ ಆ ಸಂಖ್ಯೆಯನ್ನು ವೈದ್ಯರಿಗೆ ಕೊಡಲಿ.

ನಮಸ್ಕಾರ.