ಪಾರ್ಟ್‌ನರ್ ‘ಒಂದು ನೋಟ್ರಂಪ್’ ಅಂದಾಗ

ಹಿರಿಯರೇ, ಗೆಳೆಯರೇ,

ಬ್ಯಾಡಗಿಯ ಮೆಣಸಿನಕಾಯಿ ಟೆಂಡರಿನಲ್ಲಿ ವ್ಯಾಪಾರಿ ತಾನು ಬರೆದ ದರ ಪಕ್ಕದವನಿಗೆ ಕಾಣದಂತೆ ನೋಡಿಕೊಳ್ಳುತ್ತಾನೆ. ಬ್ರಿಜ್ ಇಸ್ಪೀಟಾಟದ ಬಿಡ್ಡಿಂಗ್, ಅಂದರೆ ಎಷ್ಟು ಟ್ರಿಕ್ (ಎಲೆಯ ಸುತ್ತು) ಗೆಲ್ಲುತ್ತೇವೆಂದು ಕೂಗುವುದು, ಅದಕ್ಕೆ ತದ್ವಿರುದ್ಧ. ಇಲ್ಲಿ ಬಾಯಿ ತೆಗೆಯುವುದೇ ಎದುರು ಕುಳಿತ ಪಾರ್ಟ್‌ನರ್‌ಗೆ ನಮ್ಮ ಕೈಯನ್ನು ತಿಳಿಸಲಿಕ್ಕೆ. ಒಂದೇ ಮಾತಿನಲ್ಲಿ ಬಹಳಷ್ಟು ಹೇಳಿ ಮುಗಿಸುವ ಬಿಡ್ ಅಂದರೆ ಒಂದು ನೋಟ್ರಂಪ್ (ತುರುಪಿಲ್ಲದ ಆಟ): ನನ್ನಲ್ಲಿ 15ರಿಂದ 17 ಪಾಯಿಂಟ್ ಇವೆ, ಯಾವ ಬಣ್ಣವೂ (ಸ್ಪೇಡ್, ಹಾರ್ಟ್, ಡೈಮಂಡ್, ಕ್ಲಬ್) ಖಾಲಿಯಿಲ್ಲ, ಒಂಟಿ ಎಲೆಯೂ ಇಲ್ಲ. ಅಲ್ಲಿಗೆ ಹಾಗೆ ಅಂದ ಪಾರ್ಟ್‌ನರ್ ಮಾತು ಮುಗಿಯಿತು. ಇನ್ನು ಯಜಮಾನಿಕೆ ಉತ್ತರ ಕೊಡುವವರದು.

ಲೆಕ್ಕ ನಿಮಗೆ ಗೊತ್ತಿರುವುದೇ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಇಡೀ ಕಟ್ಟಿನಲ್ಲಿ 40. ಇಬ್ಬರದೂ ಸೇರಿ 25 ಆದರೆ ಗೇಮ್ (ದೊಡ್ಡ ಬೋನಸ್ ತರುವ ಬಿಡ್), 33 ಆದರೆ ಸ್ಲ್ಯಾಮ್ (13ರಲ್ಲಿ 12 ಟ್ರಿಕ್). ನಿಮ್ಮಲ್ಲಿ 8–9 ಇದ್ದರೆ ಎರಡು ನೋಟ್ರಂಪ್ ಅಂದು ಅವರನ್ನು ಕೇಳಿ. 10 ಇದ್ದರೆ ಕೇಳುವುದೇ ಬೇಡ, ಗೇಮಿಗೆ ಹೋಗಬೇಕು.

ಆದರೆ ಯಾವ ಗೇಮಿಗೆ? ನೋಡ್ರಿ, ಪಾಯಿಂಟ್ ಎಣಿಸಿದ ಕೂಡಲೇ ಮೂರು ನೋಟ್ರಂಪಿಗೆ (ಒಂಬತ್ತು ಟ್ರಿಕ್) ಹಾರುವವರೇ ಹೆಚ್ಚು. ಈ ಆತುರದಲ್ಲಿ ಕೈಗೆ ಬಂದ ಗೇಮ್ ಜಾರಿಹೋಗುತ್ತದೆ. ನಿಮ್ಮ ಕೈ ಹೀಗಿದೆ ಅನ್ನಿ: ಸ್ಪೇಡಿನಲ್ಲಿ ರಾಜ, ಗುಲಾಮ, 8, 4, ಹಾರ್ಟಿನಲ್ಲಿ 7, 3, ಡೈಮಂಡಿನಲ್ಲಿ ಎಕ್ಕ, 10, 6, 2, ಕ್ಲಬ್ಬಿನಲ್ಲಿ ರಾಣಿ, 9, 5. ಸರಿಯಾಗಿ 10 ಪಾಯಿಂಟ್. ಹಾರ್ಟ್ ಮಾತ್ರ ಪೊಳ್ಳು. ಪಾರ್ಟ್‌ನರ್ ಕೈಯಲ್ಲೂ ಅದು ಸಪ್ಪೆಯಾಗಿದ್ದರೆ ಎದುರಾಳಿಗಳು ಹಾರ್ಟಿನಲ್ಲೇ ಐದು ಟ್ರಿಕ್ ಎಳೆದುಕೊಳ್ಳಬಹುದು. ಮೂರು ನೋಟ್ರಂಪ್ ಅಲ್ಲೇ ಬಿತ್ತು. ಸ್ಪೇಡ್ ತುರುಪಾಗಿದ್ದರೆ ಮೂರನೇ ಹಾರ್ಟನ್ನೇ ನೀವು ಹೊಡೆಯುತ್ತೀರಿ. ಹತ್ತು ಟ್ರಿಕ್ ಬೇಕು, ನಿಜ, ಆದರೆ ಎರಡೂ ಕಡೆ ನಾಲ್ಕು ನಾಲ್ಕು ಸ್ಪೇಡ್ ಇದ್ದಾಗ ಆ ಒಂದು ಹೆಚ್ಚಿನ ಟ್ರಿಕ್ ಬಹಳ ಸಲ ಸಿಕ್ಕೇ ಸಿಗುತ್ತದೆ.

ಅದಕ್ಕೇ ಎರಡು ಕ್ಲಬ್, ಅಂದರೆ ಸ್ಟೇಮನ್: ‘ನಿಮ್ಮಲ್ಲಿ ನಾಲ್ಕು ಹಾರ್ಟ್ ಅಥವಾ ನಾಲ್ಕು ಸ್ಪೇಡ್ ಇವೆಯೇ?’ ಅನ್ನುವ ಪ್ರಶ್ನೆ. ಜಾರ್ಜ್ ರಪೇ ಹೊಳೆಯಿಸಿದ ಈ ಉಪಾಯವನ್ನು ಅವರ ಜೊತೆ ಆಡುತ್ತಿದ್ದ ಸ್ಯಾಮ್ಯುಯೆಲ್ ಸ್ಟೇಮನ್ 1945ರಲ್ಲಿ ಬರೆದು ಪ್ರಕಟಿಸಿದರು. ಹೆಸರು ಬರೆದವರಿಗೇ ಉಳಿಯಿತು. ಪಾರ್ಟ್‌ನರ್ ಎರಡು ಸ್ಪೇಡ್ ಅಂದರೆ ನಾಲ್ಕು ಸ್ಪೇಡಿಗೆ ಹೋಗಿ. ಎರಡು ಡೈಮಂಡ್ ಅಥವಾ ಎರಡು ಹಾರ್ಟ್ ಅಂದರೆ ಮೂರು ನೋಟ್ರಂಪ್.

ನನಗೆ ಇದಕ್ಕಿಂತ ಪ್ರೀತಿಯದು ಬಡ ಕೈ. ಹಾರ್ಟಿನಲ್ಲಿ ರಾಣಿ, 9, 7, 5, 3. ಉಳಿದದ್ದರಲ್ಲಿ ಕ್ಲಬ್ ಗುಲಾಮನ ಹೊರತು ಏನೂ ಇಲ್ಲ. ಮೂರೇ ಪಾಯಿಂಟ್ ಅಂತ ಪಾಸ್ ಮಾಡಬೇಡಿ. ನೋಟ್ರಂಪಿನಲ್ಲಿ ಈ ಕೈಗೆ ಬರುವ ದಾರಿಯೇ ಇರುವುದಿಲ್ಲ. ಐದು ಹಾರ್ಟ್ ಇದ್ದೂ ಇಲ್ಲದಂತೆ. ಹಾರ್ಟ್ ತುರುಪಾದರೆ ಇದೇ ಸಣ್ಣ ಎಲೆಗಳು ಟ್ರಿಕ್ ಕೊಡುತ್ತವೆ. ಎರಡು ಡೈಮಂಡ್ ಅನ್ನಿ, ಅದರರ್ಥ ‘ನನ್ನಲ್ಲಿ ಐದು ಹಾರ್ಟ್ ಇವೆ’, ಪಾರ್ಟ್‌ನರ್ ಎರಡು ಹಾರ್ಟ್ ಅನ್ನಲೇಬೇಕು, ನೀವು ಪಾಸ್. ಆಸ್ವಾಲ್ಡ್ ಜಾಕೋಬಿ 1956ರಲ್ಲಿ ಅಮೆರಿಕದ ಆಟಗಾರರಿಗೆ ಪರಿಚಯಿಸಿದ ಈ ಟ್ರಾನ್ಸ್‌ಫರಿನ ಸೊಗಸು ಇಲ್ಲಿದೆ: ಮೇಜಿನ ಮೇಲೆ ತೆರೆದುಕೊಳ್ಳುವುದು ನಿಮ್ಮ ಬಡ ಕೈ, ಪಾರ್ಟ್‌ನರ್‌ನ ಬಲವಾದ ಕೈ ಮುಚ್ಚಿಯೇ ಉಳಿಯುತ್ತದೆ, ಮೊದಲ ಎಲೆ ಅದರ ಕಡೆಗೇ ಬರುತ್ತದೆ, ಅಲ್ಲಿನ ರಾಜರು ಸುರಕ್ಷಿತ.

ಇದು ಗುಟ್ಟಿನ ಸಂಜ್ಞೆಯಲ್ಲ. ಎರಡು ಡೈಮಂಡ್ ಅಂದರೆ ಹಾರ್ಟ್ ಅಂತ ಎದುರಾಳಿಗಳಿಗೂ ತಿಳಿದಿರಬೇಕು, ನಿಯಮವೇ ಹಾಗಿದೆ. ಆಟಕ್ಕೆ ಕೂರುವ ಮೊದಲು ಪಾರ್ಟ್‌ನರ್ ಜೊತೆ ಇನ್ನೊಂದನ್ನೂ ಮಾತಾಡಿಕೊಳ್ಳಿ: ನಡುವೆ ಎದುರಾಳಿ ಬಿಡ್ ಹಾಕಿದರೆ ಇವೆಲ್ಲ ಹಾಗೆಯೇ ನಡೆಯುತ್ತವೆಯೋ, ಬದಲಾಗುತ್ತವೆಯೋ.