ಆಯಮ್ಮನಿಗೂ ಒಂದು ಕುರ್ಚಿ ಹಾಕಿ

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನ ಅಂಗನವಾಡಿ ಕಾರ್ಯಕರ್ತೆಯರೇ, ಸಹಾಯಕಿಯರೇ, ನರ್ಸರಿ ಮಿಸ್‌ಗಳೇ, ಆಯಮ್ಮಂದಿರೇ, ಈ ಮಾತು ನಿಮಗೇ.

ಮಾತು ತಡವಾದ ಮಗು, ಕಿವಿ ಸರಿಯಾಗಿ ಕೇಳದ ಮಗು, ಆಟಿಸಂ ಇರುವ ಮಗು ನಿಮ್ಮಲ್ಲಿಗೆ ಬಂದರೆ ನೋಡಿಕೊಳ್ಳುವವರು ಯಾರು? "ಸ್ಪೆಷಲ್ ಟೀಚರ್ ವಾರಕ್ಕೊಮ್ಮೆ ಬರ್ತಾರೆ" ಅನ್ನುವ ಉತ್ತರ ಕೇಳಿ ಕೇಳಿ ನನಗೆ ಸಾಕಾಗಿದೆ. ಮಿಕ್ಕ ದಿನ? ಊಟ ಮಾಡಿಸುವುದು, ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು ಆಯಮ್ಮ ಅಲ್ವಾ? ಹಾಗಾದರೆ ಆ ಮಗುವಿನ ಬಗ್ಗೆ ಮಾತಾಡಲು ಕೂರುವಾಗ ಅವರಿಗೂ ಒಂದು ಕುರ್ಚಿ ಹಾಕಿ. ನಾನು ಹೇಳಲು ಬಂದಿದ್ದು ಇಷ್ಟೇ.

ಜಯನಗರದ ಕಡೆ ಒಂದು ನರ್ಸರಿ. ಅಲ್ಲಿ ನಾಲ್ಕು ವರ್ಷದ ಹುಡುಗ, ಆಟಿಸಂ ಇತ್ತು. ಊಟದ ಹೊತ್ತಾದರೆ ಸಾಕು, ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ನುಗ್ಗುತ್ತಿದ್ದ. "ಊಟಕ್ಕೆ ಹಠ" ಅಂತ ಮಿಸ್ ಡೈರಿಯಲ್ಲಿ ಬರೆದರು. ಪಾಪ, ಅಮ್ಮ ಡಬ್ಬಿ ಬದಲಿಸಿದ್ದೇ ಬದಲಿಸಿದ್ದು. ಇಡ್ಲಿ ಹೋಗಿ ಚಿತ್ರಾನ್ನ, ಚಿತ್ರಾನ್ನ ಹೋಗಿ ಮೊಸರನ್ನ. ಕೊನೆಗೆ ನನ್ನನ್ನು ಕರೆಸಿ, ಪ್ರಿನ್ಸಿಪಾಲರ ರೂಮಿನಲ್ಲಿ ದಪ್ಪನೆಯ ಫೈಲ್ ಮುಂದಿಟ್ಟರು. ಕಾಫಿ ತಂದ ಆಯಮ್ಮ ಬಾಗಿಲಲ್ಲೇ ನಿಂತರು. "ಮೇಡಂ, ಒಂದ್ ಮಾತು. ಅವನು ಹೆದರೋದು ಊಟಕ್ಕಲ್ಲ, ಸ್ಟೀಲ್ ತಟ್ಟೆ ಸದ್ದಿಗೆ. ನಾನು ತಟ್ಟೆ ಮೊದಲೇ ಹಾಕಿಟ್ಟ ದಿನ ಸುಮ್ನೆ ತಿಂತಾನೆ."

ಅಷ್ಟು ದಪ್ಪ ಫೈಲಿನಲ್ಲಿ ಈ ಮಾತು ಎಲ್ಲೂ ಇರಲಿಲ್ಲ. ಅವರನ್ನು ಯಾರೂ ಕೇಳಿಯೇ ಇರಲಿಲ್ಲ! ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಕೆಲವು ಸದ್ದು ತಡೆಯಲಾಗುವುದಿಲ್ಲ. ಮೇಜಿಗೆ ದಪ್ಪ ಬಟ್ಟೆ ಹಾಸಿ, ಮಕ್ಕಳು ಹೊರಗೆ ಆಡುವಾಗಲೇ ತಟ್ಟೆ ಇಡಲು ಶುರು ಮಾಡಿದರು. ಸ್ವಲ್ಪ ದಿನದಲ್ಲೇ ಹುಡುಗ ಎಲ್ಲರ ಜೊತೆ ಕೂತು ಡಬ್ಬಿ ಖಾಲಿ ಮಾಡಿದ. ಅದೂ ಅದೇ ಹಳೇ ಇಡ್ಲಿ.

ಅಯ್ಯೋ, ಸಮಯ ಆಗುತ್ತಾ ಬಂತು. ಉಳಿದಿದ್ದನ್ನು ಬೇಗ ಹೇಳುತ್ತೇನೆ. ಮಿಸ್‌ಗಳೇ, "ಹಠ", "ತುಂಟ" ಅಂತ ಬರೆಯಬೇಡಿ. ಏನಾಯಿತು, ಅದಕ್ಕೆ ಮೊದಲು ಏನು ನಡೆಯಿತು, ಅದನ್ನು ಬರೆಯಿರಿ. ಆಯಮ್ಮನನ್ನು ಕೇಳಿ ಬರೆಯಿರಿ. ಅಂಗನವಾಡಿಯವರೇ, ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ನಿಮ್ಮಲ್ಲಿಗೆ ಬರಬೇಕು. ಬಂದಾಗ ತೂಕ, ಎತ್ತರಕ್ಕೇ ಬಿಟ್ಟುಬಿಡಬೇಡಿ, ಅನುಮಾನ ಇರುವ ಮಗುವನ್ನು ಮುಂದೆ ಕರೆದು ತೋರಿಸಿ. ದಿವ್ಯಾಂಗ ಮಕ್ಕಳಿಗಾಗಿಯೇ ಕೇಂದ್ರ ಸರ್ಕಾರ 2023ರಲ್ಲಿ ಅಂಗನವಾಡಿ ಪ್ರೋಟೋಕಾಲ್, ಅಂದರೆ ಮಾರ್ಗಸೂಚಿ, ಕೊಟ್ಟಿದೆ, ಅದನ್ನು ಓದಿ. ಸಹಾಯಕಿಗೂ ಓದಿ ಹೇಳಿ. ಮಾತು, ಕಿವಿಯ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, ನಮ್ಮೂರಲ್ಲೇ ನಿಮ್ಹಾನ್ಸ್ ಇದೆ. "ದೊಡ್ಡವನಾದ್ರೆ ಸರಿಹೋಗ್ತಾನೆ" ಅಂತ ಅಪ್ಪ ಅಮ್ಮನನ್ನು ವಾಪಸ್ ಕಳಿಸಬೇಡಿ.

ಇನ್ನೊಂದು. ಮೀಟಿಂಗನ್ನು ಪಾತ್ರೆ ತೊಳೆಯುವ ಹೊತ್ತಿಗೆ ಇಟ್ಟು, "ಕರೆದರೂ ಆಯಮ್ಮ ಬರಲಿಲ್ಲ" ಅನ್ನಬೇಡಿ. ನಮಸ್ಕಾರ.