ತಲೆಗೆ ಕರೆಂಟಾ, ಡಾಕ್ಟ್ರೇ?

ಎಲ್ಲರಿಗೂ ನಮಸ್ಕಾರ. ಇವತ್ತು ಮೇ 30, ವಿಶ್ವ ಎಂಎಸ್ ದಿನ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ರೋಗದ ಬಗ್ಗೆ ಈ ಸಭೆಗೆ ನಾನು ಹೇಳಿಕೊಡಬೇಕಾಗಿಲ್ಲ. ಸೀದಾ ಕರೆಂಟಿನ ವಿಷಯಕ್ಕೇ ಬರುತ್ತೇನೆ: ಎಂಎಸ್‌ನವರ ಸುಸ್ತು ಇಳಿಸಲು ತಲೆಯ ಚರ್ಮದ ಮೇಲಿಂದ ಸಣ್ಣ ಕರೆಂಟ್ ಹರಿಸುವ ಟಿಡಿಸಿಎಸ್ ಅನ್ನುವ ಚಿಕಿತ್ಸೆ.

ಈ ಚಿಕಿತ್ಸೆಯ ಹೆಸರೆತ್ತಿದಾಗ ಒಬ್ಬ ಹುಡುಗಿಯ ತಾಯಿ ಕುರ್ಚಿಯಿಂದ ಎದ್ದೇಬಿಟ್ಟರು. "ತಲೆಗೆ ಕರೆಂಟ್ ಕೊಡ್ತೀರಾ? ನನ್ನ ಮಗಳಿಗೆ ಹುಚ್ಚು ಹಿಡಿದಿಲ್ಲ ಡಾಕ್ಟ್ರೇ!" ನಾನು ಡಾಕ್ಟರಲ್ಲ, ಫಿಸಿಯೋ ಅನ್ನುವುದಕ್ಕೂ ಬಿಡಲಿಲ್ಲ. ತಪ್ಪು ಅವರದಲ್ಲ. ನಾಯಕನನ್ನು ಮಂಚಕ್ಕೆ ಕಟ್ಟಿ ಕರೆಂಟ್ ಕೊಡುವ ಸಿನಿಮಾ ನೋಡಿಯೇ ಬೆಳೆದವರಲ್ವಾ ನಾವೆಲ್ಲ? ಆ ಇಸಿಟಿಯನ್ನೂ, ಅಂದರೆ ಮನೋರೋಗಕ್ಕೆ ಕೊಡುವ ಕರೆಂಟ್ ಚಿಕಿತ್ಸೆಯನ್ನೂ, ಈಗ ಅರಿವಳಿಕೆ ಕೊಟ್ಟೇ ಮಾಡುತ್ತಾರೆ ಅನ್ನಿ. ಅದರಲ್ಲಿ ಬಿಡುವುದು ಸುಮಾರು 800 ಮಿಲಿ ಆಂಪಿಯರ್. ನಾನು ಹೇಳುತ್ತಿರುವ ಟಿಡಿಸಿಎಸ್‌ನಲ್ಲಿ ಬರೀ 2.

ಮಾತಿಗೆ ಅವರು ಒಪ್ಪಲಿಲ್ಲ. ನನ್ನ ತಲೆಗೇ ಕಟ್ಟಿಕೊಂಡು ತೋರಿಸಿದೆ. ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಾಂಜು, ಒಂದು ರಬ್ಬರ್ ಪಟ್ಟಿ, ಬ್ಯಾಟರಿ ಪೆಟ್ಟಿಗೆ, ಅಷ್ಟೇ. ಅವಸರದಲ್ಲಿ ಸ್ಪಾಂಜು ಸರಿಯಾಗಿ ಹಿಂಡಿರಲಿಲ್ಲ. ಉಪ್ಪುನೀರು ಹಣೆಯಿಂದ ಇಳಿದು ಕಣ್ಣಿಗೆ ಹೋಯಿತು. ನಾನು ಕಣ್ಣುಜ್ಜುತ್ತಾ "ಏನೂ ಆಗಲ್ಲಮ್ಮ" ಅನ್ನುತ್ತಿದ್ದರೆ, ಅವರು "ಅಳ್ತಾ ಇದೀರಲ್ಲ!" ಅಂದರು.

ನಿಜವಾಗಿ ಗೊತ್ತಾಗುವುದು ಚರ್ಮದ ಮೇಲೆ ಇರುವೆ ಹರಿದಂಥ ಚುರುಚುರು. ಸ್ವಲ್ಪ ಹೊತ್ತಿಗೆ ಅದೂ ಮರೆತುಹೋಗುತ್ತದೆ. ಪರೀಕ್ಷೆ ನಡೆಸುವವರು ಇದನ್ನೇ ಬಳಸಿಕೊಳ್ಳುತ್ತಾರೆ. ಅರ್ಧದಷ್ಟು ಜನರಿಗೆ ಸುಮಾರು ಅರ್ಧ ನಿಮಿಷ ಕರೆಂಟ್ ಬಿಟ್ಟು, ಹೇಳದೆ ನಿಲ್ಲಿಸಿಬಿಡುತ್ತಾರೆ. ಅವರಲ್ಲೂ ಕೆಲವರು "ಸುಸ್ತು ಕಮ್ಮಿಯಾಯ್ತು" ಅನ್ನುತ್ತಾರೆ! ಸುಳ್ಳಲ್ಲ, ನಂಬಿಕೆಯ ಬಲ ಅದು. ಅದಕ್ಕೇ ಯಾರಾದರೂ ಜಾಹೀರಾತಿನಲ್ಲಿ "ನಮ್ಮಲ್ಲಿ ಎಲ್ಲರಿಗೂ ಗುಣ" ಅಂದರೆ, ಸುಳ್ಳು ಕರೆಂಟ್ ಕೊಟ್ಟು ಹೋಲಿಸಿ ನೋಡಿದ್ದೀರಾ ಅಂತ ಮೊದಲು ಕೇಳಿ.

ಈ 2 ಮಿಲಿ ಆಂಪಿಯರ್ ನರಕೋಶವನ್ನು ತಾನಾಗಿ ಕೆಲಸಕ್ಕೆ ಹಚ್ಚುವುದಿಲ್ಲ. ದಿಬ್ಬ ಹತ್ತುವ ತಳ್ಳುಗಾಡಿಗೆ ಹಿಂದಿನಿಂದ ಒಂದು ಕೈ ಕೊಟ್ಟ ಹಾಗೆ. ಮುಂದೆ ಎಳೆಯುವವರು ಇಲ್ಲದಿದ್ದರೆ ಗಾಡಿ ಅಲ್ಲೇ. ಹಾಗಾಗಿ ನನ್ನ ಹಳೇ ಪಲ್ಲವಿ: ಕರೆಂಟ್ ಹಚ್ಚಿಕೊಂಡು ಸುಮ್ನೆ ಕೂರಬೇಡಿ, ಕೆಲಸ ಮಾಡಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಲೀ ಚಾರ್ವೆಟ್ ಅವರ ತಂಡ ಎಂಎಸ್ ಇರುವವರ ಮನೆಗೇ ಯಂತ್ರ ಕಳಿಸಿತು. ವಿಡಿಯೋ ಕಾಲ್‌ನಲ್ಲಿ ಪಟ್ಟಿ ಸರಿ ಕೂತಿದೆಯಾ ನೋಡಿ, ಆಮೇಲೆ ಒಂದು ಕೋಡ್. ಆ ಕೋಡ್ ಒತ್ತಿದರೆ ಒಂದೇ ಸಲ, 20 ನಿಮಿಷ ಓಡುತ್ತದೆ. ಅಷ್ಟು ಹೊತ್ತೂ ಕಂಪ್ಯೂಟರಿನಲ್ಲಿ ಮೆದುಳಿಗೆ ವ್ಯಾಯಾಮ. 2018ರಲ್ಲಿ ಬಂದ ಫಲಿತಾಂಶದಲ್ಲಿ ಸುಸ್ತು ಇಳಿದಿತ್ತು. ಬಸ್ಸು ಹತ್ತಲಾಗದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ನಿಮಗೆ ಗೊತ್ತು.

ಇನ್ನೊಂದು ದಾರಿ ಟಿಎಂಎಸ್. ತಲೆಯ ಮೇಲೆ ಸುರುಳಿ ಹಿಡಿದು ಅಯಸ್ಕಾಂತದ ಮಿಡಿತ ಕೊಡುವುದು. 1985ರಲ್ಲಿ ಶೆಫೀಲ್ಡ್‌ನ ಆಂಥನಿ ಬಾರ್ಕರ್ ತೋರಿಸಿಕೊಟ್ಟರು. ಟಕ್ ಅಂದರೆ ಹೆಬ್ಬೆರಳು ತಾನಾಗಿ ಕುಣಿಯುತ್ತದೆ. ಕಾಲು ಸೆಟೆದುಕೊಳ್ಳುವವರಿಗೆ ಇದರಲ್ಲಿ ಭರವಸೆ ಜಾಸ್ತಿ. 2011ರಲ್ಲಿ ರೋಮ್‌ನವರು 30 ಜನರ ಮೇಲೆ ಮಾಡಿದ ಪರೀಕ್ಷೆಯಲ್ಲಿ ಬರೀ ಮಿಡಿತ ಕೊಟ್ಟಾಗ ಬಿಗಿತ ಮಾತ್ರ ಸಡಿಲಾಯಿತು. ಜೊತೆಗೆ ವ್ಯಾಯಾಮ ಮಾಡಿಸಿದಾಗ ಸುಸ್ತೂ ಇಳಿಯಿತು. ಫಿಸಿಯೋ ಬಾಯಲ್ಲಿ ಮತ್ತೆ ವ್ಯಾಯಾಮ ಅಂತ ನಗಬೇಡಿ, ಇದು ಅವರು ಹೇಳಿದ್ದು!

ಚೀಟಿ ಬಂತು, ಎರಡೇ ನಿಮಿಷವಂತೆ. ನಾಲ್ಕು ಸ್ಲೈಡ್ ಹಾರಿಸುತ್ತೇನೆ. ಹೋದ ಮಯಲಿನ್, ಅಂದರೆ ನರದ ಹೊದಿಕೆ, ಇದರಿಂದ ಮರಳುವುದಿಲ್ಲ, ನರರೋಗ ತಜ್ಞರು ಕೊಟ್ಟ ಔಷಧಿ ನಿಲ್ಲಿಸಬೇಡಿ. ಈವರೆಗಿನ ಪರೀಕ್ಷೆಗಳೆಲ್ಲ ಹೆಚ್ಚಾಗಿ ಚಿಕ್ಕವು. ಫಿಟ್ಸ್ ಬಂದಿದ್ದರೆ, ತಲೆಯೊಳಗೆ ಲೋಹ ಇದ್ದರೆ ಮೊದಲೇ ಹೇಳಿ. 9 ವೋಲ್ಟ್ ಬ್ಯಾಟರಿ ತಂದು ಮನೆಯಲ್ಲೇ ಮಾಡಿಕೊಳ್ಳುವ ಸಾಹಸ ಬೇಡ, ಚರ್ಮ ಸುಟ್ಟುಹೋಗುತ್ತದೆ.

ಆ ತಾಯಿ ಕೊನೆಗೆ ಒಪ್ಪಿದರಾ ಅಂತ ಕೇಳಿದರಲ್ಲ ಒಬ್ಬರು? ಒಪ್ಪಿದರು, ಸ್ಪಾಂಜು ತಾವೇ ಹಿಂಡಿ ಕೊಡುತ್ತೇನೆ ಅನ್ನುವ ಷರತ್ತಿನ ಮೇಲೆ.